ಪಾರುಪತ್ಯಗಾರನ ಕಿರುಬೆರಳು

ಇರುವೆಗೂ ಗುಬ್ಬಿಗೂ ಒಂದೊಂದು ಗೂಡು ಕಲ್ಪಿಸಿಕೊಟ್ಟ ಸ್ವಾಮಿಯ ಪಾದಕ್ಕೆ ಶರಣೆಂದು ಈ ಕತೆ ಹೇಳುತ್ತೇನೆ. ನನ್ನ ನಾಲಿಗೆ ತಪ್ಪಿದರೆ ಅವನೇ ತಿದ್ದಲಿ.

ಬಿಳಿಕೋಟೆಯ ದೊರೆ ಗಿರಿಭೂಪನಿಗೆ ಒಂದು ಹೆಮ್ಮೆ. "ನನ್ನ ಪಟ್ಟಣದಲ್ಲಿ ಒಂದೇ ಒಂದು ಹಾಳುಮನೆ ತೋರಿಸಿ ನೋಡೋಣ" ಎಂದು ದಿನಾ ಸಭೆಯಲ್ಲಿ ಹೇಳುವನು.

ತೋರಿಸುವುದೆಲ್ಲಿಂದ? ಅಲ್ಲಿನ ಕಟ್ಟಳೆಯೇ ಹಾಗಿತ್ತು. ಗೋಡೆಯ ಬಿರುಕಿನಲ್ಲಿ ಪಾರುಪತ್ಯಗಾರ ಸಿಂಗಪ್ಪನ ಕಿರುಬೆರಳು ಹೋದರೆ ಅದು ಹಾಳುಮನೆ. ಮೂರನೆಯ ದಿನ ಕೆಡವಿ, ಜಾಗವನ್ನು ಅರಮನೆಯ ಹೂದೋಟಕ್ಕೆ ಸೇರಿಸುವುದು.

ಹಳ್ಳದಾಚೆಯ ಹಾಲುಕೊಪ್ಪದ ಕಟ್ಟಳೆಯೇ ಬೇರೆ. ಅಲ್ಲಿ ಬಿರುಕಿನಲ್ಲಿ ಎತ್ತಿನ ತಲೆ ತೂರಿದರೆ ಮಾತ್ರ ಹಾಳುಮನೆ. ಆಗಲೂ ಕೆಡವುವಂತಿಲ್ಲ, ಕೇರಿಯವರೆಲ್ಲ ಮಣ್ಣು ಹೊತ್ತು ತಂದು ಮೆತ್ತಿಕೊಡಬೇಕು. ಹಳ್ಳ ದಾಟಲು ಹತ್ತೇ ಹೆಜ್ಜೆ. ಆಚೆ ಮರ್ಯಾದೆಯಿಂದ ನಿಂತಿರುವಂಥ ಗೋಡೆ ಈಚೆ ಅಪರಾಧಿ.

ಸಿಂಗಪ್ಪನಿಗೂ ಭಗವಂತ ಹತ್ತು ಬೆರಳು ಕೊಟ್ಟಿದ್ದ. ಒಂದನ್ನಾದರೂ ಯಾರದಾದರೂ ಕಣ್ಣೀರು ಒರೆಸಲು ಅವನು ಬಳಸಿದ್ದು ನಾನಂತೂ ಕೇಳಿಲ್ಲ.

ಒಂದು ದಿನ ಅವನು ಗುಡಿಗೆ ಹೂ ಕಟ್ಟಿಕೊಡುವ ಅಕ್ಕಾಜಮ್ಮನ ಗೋಡೆಗೆ ಬೆರಳು ಹಾಕಿದ.

"ಹೋಯಿತು ನೋಡಮ್ಮ."

"ನೀವು ತಿರುಪಿ ತಿರುಪಿ ತೂರಿಸಿದ್ದಕ್ಕೆ ಹೋಯಿತು ಸ್ವಾಮಿ. ಒಂದು ಮಂಕರಿ ಮಣ್ಣು ಮೆತ್ತಿದರೆ ಸರಿಹೋಗುತ್ತೆ."

"ಮೆತ್ತುವುದೆಲ್ಲ ಆಚೆ ಊರಿನವರ ಕೆಲಸ. ನಾಡಿದ್ದು ಹಾರೆ ತರಿಸುತ್ತೇನೆ, ಪಾತ್ರೆ ಪಡಗ ಎತ್ತಿಟ್ಟುಕೋ."

ಆಕೆ ಆಸ್ಥಾನದ ಜಾಣ ವೆಂಗಣ್ಣನ ಮನೆಗೆ ಓಡಿದಳು. "ಅಣ್ಣಾ, ನಾನು ಹುಟ್ಟಿದ್ದೇ ಆ ಗೋಡೆಯ ಮಗ್ಗುಲಲ್ಲಿ. ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗಲಿ?"

"ನೀನೆಲ್ಲಿಗೂ ಹೋಗಬೇಡ ತಾಯಿ. ನಾಳೆ ಸಭೆಗೆ ನಾನು ಹೋಗುತ್ತೇನೆ."

ಮರುದಿನ ದೊರೆ ಎಂದಿನಂತೆ ಹೆಮ್ಮೆ ಕೊಚ್ಚಿಕೊಂಡ. ವೆಂಗಣ್ಣ ಕೈಮುಗಿದ.

"ನಿಜ ಪ್ರಭು. ಆದರೆ ಹಾಲುಕೊಪ್ಪದವರು ಆಡಿಕೊಳ್ಳುತ್ತಾರೆ. ನಿಮ್ಮ ಕಟ್ಟಳೆ ಬಡವರ ಗೋಡೆಗೆ ಮಾತ್ರವಂತೆ."

"ಯಾವನವನು ಹೇಳಿದವನು? ನನ್ನ ಕಟ್ಟಳೆ ಎಲ್ಲ ಗೋಡೆಗೂ ಒಂದೇ."

"ಹಾಗೆಂದು ಬರೆಸಿಬಿಡಿ. ಅವರ ಬಾಯಿ ಮುಚ್ಚುತ್ತದೆ."

ದೊರೆ ಅಲ್ಲಿಯೇ ಬರೆಸಿ ಮುದ್ರೆ ಒತ್ತಿದ.

ವೆಂಗಣ್ಣ ನೆಟ್ಟಗೆ ಸಿಂಹಾಸನದ ಹಿಂದೆ ಹೋಗಿ ರೇಷ್ಮೆ ಪರದೆ ಸರಿಸಿದ. ನೆಲದಿಂದ ಸೂರಿನವರೆಗೆ ಒಂದು ಬಿರುಕು. ಕಾಣದಿರಲೆಂದು ಯಾರೋ ಅದರ ಗುಂಟ ಮಲ್ಲಿಗೆ ಬಳ್ಳಿಯ ಚಿತ್ರ ಬರೆದಿದ್ದರು.

"ಸಿಂಗಪ್ಪನವರೇ, ಸ್ವಲ್ಪ ಬೆರಳು ಕೊಡಿ."

ಸಿಂಗಪ್ಪ ಕೈಯನ್ನು ಅಂಗವಸ್ತ್ರದೊಳಗೆ ಸೇರಿಸಿದ. "ಇವತ್ತು ಬೆರಳು ಊದಿಕೊಂಡಿದೆ."

"ನಿನ್ನೆ ಅಕ್ಕಾಜಮ್ಮನ ಗೋಡೆಯಲ್ಲಿ ಹೋಯಿತಂತಲ್ಲ?"

"ಅದು ಬಿರುಕು. ಇದು... ಇದು ಗಾಳಿಕಿಂಡಿ."

"ಹಾಗಾದರೆ ಬೆರಳಿಡಲು ಹೆದರಿಕೆ ಯಾಕೆ?"

ದೊರೆಯೇ ಕಣ್ಣುಬಿಟ್ಟು ನೋಡಿದ ಮೇಲೆ ಸಿಂಗಪ್ಪ ಬೆರಳಿಟ್ಟ. ಬೆರಳೇನು, ಮುಂಗೈಯೇ ಒಳಗೆ ಹೋಯಿತು. ಹಲ್ಲಿಯೊಂದು ಹೊರಬಂದು ಅವನ ತೋಳಿನ ಮೇಲೆ ಹರಿದುಹೋಯಿತು.

ದೊರೆಯ ಮುಖ ಸಣ್ಣದಾಯಿತು. ಕಟ್ಟಳೆಗೆ ಒತ್ತಿದ ಮುದ್ರೆ ಇನ್ನೂ ಹಸಿಯಾಗಿತ್ತು.

"ವೆಂಗಣ್ಣ, ಅರಮನೆ ಉಳಿಯುವ ದಾರಿ ಏನಾದರೂ ಇದೆಯೇ?"

"ಒಂದೇ ದಾರಿ ಪ್ರಭು. ಈ ಅರಮನೆ ಹಾಲುಕೊಪ್ಪಕ್ಕೇ ಸೇರಿದ್ದೆಂದು ಆ ಊರಿನ ದೊರೆಗೆ ಓಲೆ ಬರೆಯಿರಿ. ಸಂಜೆಯೊಳಗೆ ಅಲ್ಲಿನ ಜನ ಮಣ್ಣು ಹೊತ್ತು ಬರುತ್ತಾರೆ. ಅದು ಬೇಡ, ಬಿಳಿಕೋಟೆಯ ದೊರೆಯಾಗಿಯೇ ಇರುತ್ತೇನೆ ಎಂದರೆ ಪಾತ್ರೆ ಪಡಗ ಎತ್ತಿಟ್ಟುಕೊಳ್ಳಿ."

ದೊರೆ ಮೊದಲು ಹುಬ್ಬು ಗಂಟಿಕ್ಕಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ, ಕೆಡವುವ ಕಟ್ಟಳೆಯೇ ಬೇಡವೆಂದು ಓಲೆ ಹರಿದು, ತನ್ನ ಶಾಲನ್ನು ವೆಂಗಣ್ಣನಿಗೆ ಹೊದಿಸಿದ. ಅಂದು ಮಧ್ಯಾಹ್ನ ಅಕ್ಕಾಜಮ್ಮನ ಗೋಡೆಗೆ ಮಣ್ಣು ಮೆತ್ತಿದವನು ಸಿಂಗಪ್ಪ, ಹತ್ತೂ ಬೆರಳಿನಿಂದ.

ಕೇಳಿದ ನಿಮ್ಮೆಲ್ಲರ ಮೇಲೂ ಸ್ವಾಮಿಯ ಕೃಪೆ ಇರಲಿ. ನಿಮ್ಮ ಮಕ್ಕಳುಮರಿ ತಣ್ಣಗಿರಲಿ.