ರೀಸೆಟ್ ಆದ ಮೇಲೆ

"ಮೇಷ್ಟ್ರೇ, ಕೆಟ್ಟು ನಿಂತವನನ್ನು ಮೊದಲಿನಿಂದ ಶುರು ಮಾಡಿಸಿದ ಮೇಲೂ ಅವನು ಸರಿಹೋಗದಿದ್ದರೆ ಕೈಬಿಡಬಹುದೇ?" ಎಂದು ವನಜಾಕ್ಷಿ ಕೇಳಿದಳು.

ಕೇಳಿದ್ದು ತನ್ನ ಅಣ್ಣನ ವಿಷಯ, ಅದು ಮೇಷ್ಟ್ರಿಗೂ ಗೊತ್ತಿತ್ತು. ಅವನು ಕುಡಿತ ಬಿಡಿಸುವ ಶಿಬಿರದಿಂದ ಬಂದು ತಿಂಗಳಾಗಿತ್ತು. ಕುಡಿಯುತ್ತಿರಲಿಲ್ಲ, ನಿಜ. ಆದರೆ ಕೆಲಸಕ್ಕೂ ಹೋಗದೆ ಗೋಡೆ ನೋಡುತ್ತ ಕೂರುತ್ತಿದ್ದ. ಅವಳಿಗೆ ಸಾಕಾಗಿ ಹೋಗಿತ್ತು. ಅವನನ್ನು ಮನೆಯಿಂದ ಕಳಿಸಿಬಿಡುವುದೆಂದು ಬೆಳಿಗ್ಗೆಯಷ್ಟೇ ತೀರ್ಮಾನಿಸಿದ್ದಳು.

ಕೆಂಪಯ್ಯ ಮೇಷ್ಟ್ರು ಡ್ರೈವರ್ ಬರೆಯುವ ವಿದ್ಯೆ ಕಲಿಸುವವರು. ಕಂಪ್ಯೂಟರಿಗೂ ಅದಕ್ಕೆ ಜೋಡಿಸಿದ ಯಂತ್ರಕ್ಕೂ ನಡುವೆ ಮಾತು ನಡೆಸುವ ತಂತ್ರಾಂಶವೇ ಡ್ರೈವರ್. ಉಪದೇಶ ಮಾಡಿ ಎಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಆದ್ದರಿಂದ ಕತೆ ಹೇಳಿದರು.

ಒಂದು ಆಸ್ಪತ್ರೆ. ಅಲ್ಲಿ ಹಸುಗೂಸುಗಳ ಎದೆಬಡಿತ ಕಾಯುವ ಯಂತ್ರಗಳಿದ್ದವು. ಬಡಿತ ಮಿತಿ ತಪ್ಪಿದರೆ ಅವು ಕೂಗಿ ಕರೆಯಬೇಕು. ಆದರೆ ಆಗಾಗ ಒಂದು ಯಂತ್ರ ಜಪ್ಪಯ್ಯ ಅಂದರೂ ಅಲ್ಲಾಡದೆ ನಿಂತುಬಿಡುತ್ತಿತ್ತು. ಆಗ ನರ್ಸ್ ಕೈಯಲ್ಲಿದ್ದ ಮಗುವನ್ನು ಮಲಗಿಸಿ, ಓಡಿಬಂದು, ಪ್ಲಗ್ ಕಿತ್ತು ಮತ್ತೆ ಹಾಕುತ್ತಿದ್ದಳು.

ಇದನ್ನು ಸರಿಪಡಿಸಲು ಒಬ್ಬ ಡ್ರೈವರ್ ಬರೆಯುವವನು ಬಂದ. ನರ್ಸ್ ಪ್ಲಗ್ ಹಾಕಿದ್ದನ್ನು ಕಂಡವನೇ "ಇಷ್ಟೇ ತಾನೆ!" ಎಂದು ತಿರುಗಿ ಹೊರಟ. ಯಂತ್ರದೊಳಗೆ ರೀಸೆಟ್ ಮಾಡುವ, ಅಂದರೆ ಮೊದಲಿನಿಂದ ಶುರು ಮಾಡಿಸುವ, ವ್ಯವಸ್ಥೆ ಮೊದಲೇ ಇತ್ತು. ಹಳೆಯ ಡ್ರೈವರ್ ಅದನ್ನು ಬಳಸುತ್ತಿರಲಿಲ್ಲ ಅಷ್ಟೆ. ಎರಡು ಸೆಕೆಂಡು ಉತ್ತರ ಬಾರದಿದ್ದರೆ ಡ್ರೈವರೇ ಯಂತ್ರವನ್ನು ರೀಸೆಟ್ ಮಾಡುವಂತೆ ಅವನು ಬರೆದ. ಹತ್ತು ಸಲ ನಿಲ್ಲಿಸಿ ನೋಡಿದ, ಹತ್ತು ಸಲವೂ ಎದ್ದಿತು. ಇನ್ನು ಪ್ಲಗ್ ಮುಟ್ಟಬೇಡಿ ಎಂದು ಹೇಳಿ ಬೀಗುತ್ತ ಹೋದ.

ಮರುದಿನವೇ ನರ್ಸ್ ಫೋನ್ ಮಾಡಿದಳು. ಯಂತ್ರ ಏಳುತ್ತದೆ, ಎದ್ದ ಮೇಲೆ ಚೆನ್ನಾಗಿರುವ ಮಗುವಿಗೂ ಬಡಿತ ಹೆಚ್ಚಾಯಿತೆಂದು ಬಾಯಿ ಬಡಿದುಕೊಳ್ಳುತ್ತದೆ ಎಂದಳು. ಹೀಗೇ ಕೂಗುತ್ತಿದ್ದರೆ ನಿಜವಾದ ಕೂಗು ಬಂದಾಗ ಯಾರೂ ತಿರುಗಿ ನೋಡುವುದಿಲ್ಲ ಎಂದೂ ಹೇಳಿದಳು. ಅವನಿಗೆ ರೇಗಿತು. ಎಬ್ಬಿಸಿದ ಮೇಲೂ ಹೀಗಾಡುವ ಯಂತ್ರವನ್ನು ಎಸೆಯುವುದೇ ಲೇಸೆಂದು ಗೊಣಗಿದ. ಆದರೂ ಹೋದ. ನೀವು ಹಿಂದೆ ಮಾಡುತ್ತಿದ್ದುದನ್ನು ಮಾಡಿ ತೋರಿಸಿ ಎಂದ.

ಅವಳು ಪ್ಲಗ್ ಕಿತ್ತು ಮತ್ತೆ ಹಾಕಿದಳು. ಅಲ್ಲಿಗೆ ಮುಗಿಸಲಿಲ್ಲ. ಯಂತ್ರದ ಮುಂದೆ ನಿಂತು ಒಂದೊಂದೇ ಗುಂಡಿ ಒತ್ತತೊಡಗಿದಳು.

"ಇದೇನು ಸಿಸ್ಟರ್?" ಎಂದ ಅವನು.

"ಪ್ಲಗ್ ಕಿತ್ತರೆ ಇದಕ್ಕೆ ಎಲ್ಲ ಮರೆತುಹೋಗುತ್ತದಲ್ಲ ಸರ್. ಮಲಗಿರುವುದು ದೊಡ್ಡವರು ಅಂದುಕೊಳ್ಳುತ್ತದೆ. ಇದು ಕೂಸು, ಕೂಸಿನ ಎದೆ ಬೇಗ ಬೇಗ ಬಡಿಯುತ್ತದೆ ಅಂತ ಮತ್ತೆ ನಾನೇ ಹೇಳಬೇಕು. ಪ್ಲಗ್ ಹಾಕುವುದು ಏನು ಮಹಾ, ಇದೇ ದೊಡ್ಡ ಕೆಲಸ."

ಅವನ ಮುಖ ಸಣ್ಣದಾಯಿತು. ಅಲ್ಲೇ ಒಂದು ಸ್ಟೂಲ್ ಎಳೆದುಕೊಂಡು ಕೂತ. ನರ್ಸ್ ಯಂತ್ರಕ್ಕೆ ಹೇಳಿದ್ದನ್ನೆಲ್ಲ ಇನ್ನು ಮುಂದೆ ಡ್ರೈವರ್ ನೆನಪಿಟ್ಟುಕೊಳ್ಳಬೇಕು. ರೀಸೆಟ್ ಆದ ಮೇಲೆ ಯಂತ್ರ ಪೂರ್ತಿ ಏಳುವವರೆಗೆ ಕಾಯಬೇಕು. ಆಮೇಲೆ ಎಲ್ಲವನ್ನೂ ಮತ್ತೆ ಹೇಳಿ, ಅದು ಹೂಂ ಅಂದಿತೇ ಎಂದು ನೋಡಿ, ಅನಂತರವೇ ಕೂಸನ್ನು ಅದರ ಕಾವಲಿಗೆ ಬಿಡಬೇಕು. ರೀಸೆಟ್‌ಗೆ ಅವನು ಬರೆದದ್ದು ಮೂರು ಸಾಲು. ಮತ್ತೆ ಹೇಳುವುದಕ್ಕೆ ಬರೆದದ್ದು ನೂರಾರು ಸಾಲು.

ಆ ವಾರ ಒಂದು ಯಂತ್ರ ನಿಂತಿತು, ತಾನೇ ಎದ್ದಿತು, ಸುಳ್ಳು ಕೂಗು ಹಾಕದೆ ಕಾಯತೊಡಗಿತು. ಸ್ವಲ್ಪ ಹೊತ್ತಿನ ಮೇಲೆ ಕೂಗಿತು. ನರ್ಸ್ ಓಡಿಬಂದಳು. ಈ ಸಲ ಕೂಸಿನ ಎದೆಬಡಿತ ನಿಜವಾಗಿಯೂ ತಪ್ಪಿತ್ತು. ಸದ್ಯ, ಹೊತ್ತಿಗೆ ಸರಿಯಾಗಿ ಬಂದಿದ್ದಳು. ಕೂಸು ಉಳಿಯಿತು.

ಇಷ್ಟು ಹೇಳಿ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

"ಆಮೇಲೆ ಆ ಯಂತ್ರ ಯಾವತ್ತೂ ನಿಲ್ಲಲಿಲ್ಲವೇ?" ಎಂದು ವನಜಾಕ್ಷಿ ಕೇಳಿದಳು.

"ನಿಲ್ಲದೆ ಏನು? ನಿಂತಾಗಲೆಲ್ಲ ಡ್ರೈವರ್ ಮತ್ತೆ ಎಬ್ಬಿಸಿತು, ಮತ್ತೆ ಹೇಳಿತು," ಎಂದರು ಮೇಷ್ಟ್ರು. ಆಮೇಲೆ ಅವಳ ಮುಖ ನೋಡಿದರು.

"ಶಿಬಿರದವರು ನಿನ್ನ ಅಣ್ಣನನ್ನು ಎಬ್ಬಿಸಿ ಕಳಿಸಿದ್ದಾರೆ. 'ನೀನು ನನ್ನ ಅಣ್ಣ' ಅಂತ ಈ ಒಂದು ತಿಂಗಳಲ್ಲಿ ಅವನಿಗೆ ಎಷ್ಟು ಸಲ ಹೇಳಿದೆಯಮ್ಮ?"