ಒಣಗದ ಹಲಗೆ

ಹೊಳೆದಂಡೆಯ ಆಶ್ರಮದಲ್ಲಿ ನಿರ್ವಾಣಯ್ಯ ಎಂಬ ಗುರುಗಳಿದ್ದರು. ಅವರಿಗೆ ಒಬ್ಬನೇ ಶಿಷ್ಯ, ಕೆಂಚಪ್ಪ. ತಲೆ ನರೆಯುತ್ತಾ ಬಂದಿದ್ದರೂ ಆಸಾಮಿ ಮಹಾ ಪುಕ್ಕಲ.

ಒಂದು ದಿನ ಗುರುಗಳು ಹಲಸಿನ ಮರ ಕೊಯ್ಯಿಸಿ ಹಲಗೆ ತಂದರು. ನಡುನಡುವೆ ತೆಳು ಮರದ ರೀಪಿನ ತುಂಡು ಇಟ್ಟು, ಗಾಳಿಯಾಡುವ ಹಾಗೆ ಸೂರಿನ ಕೆಳಗೆ ಪೇರಿಸಿದರು.

“ಇವು ಒಣಗಲಿ, ನಿನಗೊಂದು ಪೀಠ ಮಾಡ್ತೀನಿ. ಅದರ ಮೇಲೆ ನಿನ್ನನ್ನ ಕೂರಿಸಿ ನಾನು ಹೊರಡ್ತೀನಿ.”

“ಎಲ್ಲಿಗೆ ಬುದ್ಧಿ?”

“ಹೊಳೆಯಾಚೆ. ಮತ್ತೆ ಬರಲ್ಲ.”

ಕೆಂಚಪ್ಪ ಕಂಗಾಲಾದ. ಜನ ಕಷ್ಟ ಹೇಳಿಕೊಂಡು ಬಂದರೆ ತಾನೇನು ಹೇಳೋದು? ಗುಡುಗಿದರೆ ಗುರುಗಳ ಪಕ್ಕಕ್ಕೆ ಚಾಪೆ ಎಳೆದುಕೊಳ್ಳುವವನು ತಾನು!

ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ. ಹಲಗೆ ಮುಟ್ಟಿ ನೋಡುವುದು, ಹಸಿ ಆರುತ್ತಿದೆ ಅನ್ನಿಸಿದರೆ ಬೆವರುವುದು, ಇಷ್ಟೇ ಆಯಿತು. ಕೊನೆಗೆ ಒಂದು ಉಪಾಯ ಹೂಡಿದ. ಗುರುಗಳು ಸ್ನಾನಕ್ಕೆ ಹೋದಾಗಲೆಲ್ಲ ಮೇಲಿನ ಹಲಗೆಗೆ ಒಂದು ಚೊಂಬು ನೀರು ಸುರಿದ. ಹಲಗೆ ಒಣಗದಿದ್ದರೆ ಅವರು ಹೋಗುವ ಹಾಗಿಲ್ಲವಲ್ಲ!

ಬೇಸಿಗೆ ಮುಗಿಯುವ ಹೊತ್ತಿಗೆ ಗುರುಗಳು ಕರೆದರು. ಮೇಲಿನ ಹಲಗೆ ಬೆನ್ನು ಉಬ್ಬಿಸಿಕೊಂಡು ಕೂತಿತ್ತು.

“ಕೆಳಗಿನವೆಲ್ಲ ನೆಟ್ಟಗಿವೆ. ಇದಕ್ಕೇನಾಯ್ತೋ?”

“ಮಳೆ... ಬುದ್ಧಿ.”

“ಸೂರಿನ ಕೆಳಗೆ?”

ಕೆಂಚಪ್ಪ ದಡಕ್ಕನೆ ಕಾಲಿಗೆ ಬಿದ್ದ. “ನಾನೇ ಬುದ್ಧಿ, ನಾನೇ ನೀರು ಹಾಕಿದ್ದು. ನೀವು ಹೋದರೆ ನಾನು ಯಾರನ್ನ ಕೇಳಲಿ?”

“ನೀರು ಹಾಕುವಾಗ ಯಾರನ್ನ ಕೇಳಿದೆ?”

“ಹೆದರಿಕೆ ಆಗುತ್ತೆ ಬುದ್ಧಿ,” ಎಂದು ಕೆಂಚಪ್ಪ ಅತ್ತೇಬಿಟ್ಟ.

ಗುರುಗಳು ಹಲಗೆಯನ್ನು ಮಗುಚಿದರು. ಚೊಂಬು ತುಂಬಿಕೊಂಡು ಬಂದು, ಒಣಗಿದ್ದ ಆ ಮೈಗೆ ತಾವೇ ನೀರು ಸುರಿದರು.

“ಅಯ್ಯೋ, ನೀವೂ ಯಾಕೆ ಹಾಕ್ತೀರಿ ಬುದ್ಧಿ!”

“ಒಂದೇ ಕಡೆ ನೆನೆದರೆ ಡೊಂಕಾಗುತ್ತೆ ಕಣೋ, ಎರಡೂ ಕಡೆ ನೆನೆದು ಒಣಗಿದರೆ ನೆಟ್ಟಗಾಗುತ್ತೆ. ಆ ಕಡೆ ನಿನ್ನ ಹೆದರಿಕೆ ಹಾಕಿದೀಯ. ಈ ಕಡೆಯದು ನನ್ನದು.”

“ನಿಮಗೂ ಹೆದರಿಕೆಯಾ?”

“ಹೊಳೆಯಾಚೆ ನನಗೂ ಯಾರೂ ಗೊತ್ತಿಲ್ಲವಲ್ಲೋ. ಆ ರೀಪಿನ ತುಂಡು ಕೊಡು, ಎರಡೂ ಕಡೆ ಗಾಳಿ ಆಡಲಿ.”