ಖಾಲಿ ಬಿಟ್ಟ ಕೆಳಸಾಲು

ರೀಗಾ ಪಟ್ಟಣದ ದೊಡ್ಡ ಚರ್ಚಿನಲ್ಲಿ ನಾನು ಒಂದು ಸಂಜೆ ಹಾಡಿದೆ. ಮೂರು ಸಾವಿರ ಜನ ಎದ್ದು ನಿಂತರು.

ಸುಳ್ಳು. ನಾನು ಹುಬ್ಬಳ್ಳಿ ದಾಟಿ ಆಚೆಗೆ ಹೋದವನಲ್ಲ. ನಾನು ಹಾಡಿದರೆ ಜನ ಎದ್ದು ನಿಲ್ಲುವುದೇನೋ ಹೌದು, ಹೊರಡುವುದಕ್ಕೆ. ಈ ಚಹಾ ಕುಡಿದು ಮುಗಿಯುವ ತನಕ, ಈ ಕಥೆ ಮಾತ್ರ ನಿಜ ಅಂತ ಇಟ್ಟುಕೊಳ್ಳಿ.

ಆ ರೀಗಾ ಇರುವುದು ಲಾಟ್ವಿಯಾ ಎಂಬ ಚಳಿಯ ದೇಶದಲ್ಲಿ. ಅಲ್ಲಿ ದೌಗವಾ ನದಿಯ ದಡದಲ್ಲಿ ಇಂದ್ರಿಕಿಸ್ ಎಂಬ ವೃದ್ಧರು ಇದ್ದರು. ಗಾಯನವೃಂದಗಳಿಗೆ ಹಾಡು ಕಟ್ಟುವುದು ಅವರ ಕೆಲಸ. ಎಲ್ಲರೂ ಅವರನ್ನು ಗುರುಗಳು ಎನ್ನುತ್ತಿದ್ದರು.

ಆ ದೇಶದ ಹಳ್ಳಿ ಹೆಂಗಸರು ಹಾಡುವ ರೀತಿಯೇ ಬೇರೆ. ಒಬ್ಬಳು ಮಾತು ಹಾಡುತ್ತಾಳೆ. ಉಳಿದವರು ಕೆಳಗೆ ಒಂದೇ ಸ್ವರ ಹಿಡಿದು ನಿಲ್ಲುತ್ತಾರೆ, ನಮ್ಮ ತಂಬೂರಿಯ ಹಾಗೆ. ಒಬ್ಬಳು ಉಸಿರು ತೆಗೆದುಕೊಳ್ಳುವಾಗ ಪಕ್ಕದವಳು ಹಿಡಿದಿರುತ್ತಾಳೆ. ಸ್ವರ ತುಂಡಾಗುವುದೇ ಇಲ್ಲ.

ಗುರುಗಳ ಹೆಂಡತಿ ಸ್ಕೈದ್ರೀತೆ ಹಾಗೆ ಸ್ವರ ಹಿಡಿಯುವವರು.

ಗುರುಗಳ ಹರೆಯದಲ್ಲಿ ಅಲ್ಲಿನ ಸರ್ಕಾರ ಪ್ರಾರ್ಥನೆಯ ಹಾಡು ಒಪ್ಪುತ್ತಿರಲಿಲ್ಲ. ಅವರು ಪ್ರಾರ್ಥನೆಯನ್ನೆಲ್ಲ ಆ ಕೆಳಗಿನ ಸ್ವರಕ್ಕೆ ಇಳಿಸಿ, ಮೇಲೆ ಬಾರ್ಲಿ ಕೊಯ್ಲಿನ ಮಾತು ಹೊದಿಸಿದರು. ಪರೀಕ್ಷೆಗೆ ಬಂದ ಅಧಿಕಾರಿಗೆ ಹೊಡೆದುಹಾಕಲು ಒಂದು ಪದವೂ ಸಿಗಲಿಲ್ಲ. ಬಾರ್ಲಿಯ ಬಗ್ಗೆ ಇಷ್ಟೊಂದು ದುಃಖ ಯಾಕೆ ಸ್ವಾಮೀ ಎಂದು ಕೇಳಿ ಹೋದನಂತೆ.

ಆ ಸರ್ಕಾರ ಹೋಯಿತು. ಹಾಡುಗಳು ದೇಶ ದೇಶ ತಿರುಗಿದವು.

ಅವರ ಸಂಗೀತ ಬಹಳ ನಿಧಾನ. ಒಂದು ದನಿ ಗೋಡೆಗೆ ತಾಗಿ ಕರಗುವ ತನಕ ಇನ್ನೊಂದು ಬರುವುದಿಲ್ಲ. ಇವರ ಒಂದು ಸಾಲು ಮುಗಿಯುವುದರೊಳಗೆ ಒಲೆಯ ಮೇಲೆ ಆಲೂಗಡ್ಡೆ ಬೇಯುತ್ತದೆ ಎಂದು ಹಾಡುವವರೇ ಆಡಿಕೊಳ್ಳುತ್ತಿದ್ದರು. ಆದರೆ ನಲವತ್ತು ವರ್ಷ, ಯಾವ ಕೃತಿಯಾದರೂ ಸರಿ, ಹಾಳೆಯ ಕೆಳಸಾಲಿನಲ್ಲಿ ಆ ಒಂದು ಸ್ವರ ಮೊದಲಿನಿಂದ ಕೊನೆಯವರೆಗೆ ಇದ್ದೇ ಇರುತ್ತಿತ್ತು.

ಒಂದು ಚಳಿಗಾಲದಲ್ಲಿ ಸ್ಕೈದ್ರೀತೆ ತೀರಿಕೊಂಡರು. ಎದೆಯ ಕಾಯಿಲೆ.

ಮಂಜು ಕರಗುವ ಹೊತ್ತಿಗೆ ಗುರುಗಳು ಹೊಸ ಕೃತಿಯೊಂದನ್ನು ಮುಗಿಸಿ ಶಿಷ್ಯ ಆನ್ಸಿಸ್‌ನ ಕೈಗೆ ಕೊಟ್ಟರು. ಅವನು ಆರು ವರ್ಷದಿಂದ ಅವರಲ್ಲಿ ಕಲಿಯುತ್ತಿದ್ದವನು. ಹಾಡುವವರಿಗೆ ಹಾಳೆಗಳನ್ನು ಶುದ್ಧವಾಗಿ ನಕಲು ಮಾಡಿಕೊಡುವುದು ಅವನ ಪಾಲಿನ ಸೇವೆ.

ನೋಡುತ್ತಾನೆ, ಕೆಳಸಾಲು ಖಾಲಿ. ಸ್ವರವೇ ಇಲ್ಲ. ಅಲ್ಲಲ್ಲಿ ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಹಾಕುವ ಸಣ್ಣ ಗುರುತುಗಳು, ಅಷ್ಟೇ.

ಆನ್ಸಿಸ್ ಅಂದುಕೊಂಡ: ಮುದುಕರ ಬುದ್ಧಿ ದುಃಖದಲ್ಲಿ ಜಾರಿದೆ. ಇದು ಹೀಗೇ ಹೊರಗೆ ಹೋದರೆ ಇಂದ್ರಿಕಿಸ್ ಮುಗಿದರು ಎನ್ನುತ್ತಾರೆ ಜನ. ನಲವತ್ತು ವರ್ಷದ ಹೆಸರು ಒಂದು ಸಂಜೆಗೆ ಹೋಗುತ್ತದೆ.

ಗುರುಗಳ ಶೈಲಿ ಅವನಿಗೆ ಅಂಗೈಯಷ್ಟು ಪರಿಚಿತ. ಕೆಳಸಾಲನ್ನು ತಾನೇ ತುಂಬಿಸಿದ. ಯಾರಿಗೂ ಹೇಳಲಿಲ್ಲ.

ಅಭ್ಯಾಸದ ದಿನ ವೃಂದ ಹಾಡಿತು. ಹಾಡಿದವರೇ ಕಣ್ಣೊರೆಸಿಕೊಂಡರು. ಗುರುಗಳು ಕೊನೆಯ ಬೆಂಚಿನಲ್ಲಿ ಕೂತಿದ್ದವರು ಎದ್ದು, ಶಿಷ್ಯನನ್ನು ಮನೆಗೆ ಕರೆದುಕೊಂಡು ಹೋದರು.

“ಕೆಳಸಾಲು ಯಾರು ಬರೆದದ್ದು?”

“ನೀವು ಮರೆತಿದ್ದಿರಿ, ಗುರುಗಳೇ. ನಾನು ತುಂಬಿಸಿದೆ.”

“ಚೆನ್ನಾಗಿದೆ. ನಾನು ಬರೆದಿದ್ದರೂ ಹೀಗೇ ಬರೆಯುತ್ತಿದ್ದೆ.”

ಆನ್ಸಿಸ್‌ನ ಮುಖ ಅರಳಿತು. ಗುರುಗಳು ತಮ್ಮ ಮೂಲ ಹಾಳೆಗಳನ್ನು ಅವನ ಮುಂದೆ ಇಟ್ಟರು.

“ಈಗ ನಾನು ಬರೆದದ್ದನ್ನು ಹಾಡು.”

“ಇಲ್ಲಿ ಏನೂ ಇಲ್ಲವಲ್ಲ. ಬರೀ ಉಸಿರಿನ ಗುರುತು.”

“ಅದನ್ನೇ.”

ಗುರುಗಳು ಮೇಜಿನ ಅಂಚಿನಲ್ಲಿ ಬೆರಳಿನಿಂದ ತಾಳ ಹಾಕತೊಡಗಿದರು. ಗುರುತು ಬಂದಲ್ಲಿ ಆನ್ಸಿಸ್ ಉಸಿರು ಎಳೆದುಕೊಂಡ.

ಮೊದಲ ಪುಟದಲ್ಲಿ ಎಂಟು ಎಣಿಕೆಗೊಂದು ಉಸಿರು. ಎರಡನೆಯದರಲ್ಲಿ ಆರಕ್ಕೊಂದು. ನಾಲ್ಕನೆಯ ಪುಟಕ್ಕೆ ಬರುವಾಗ ಮೂರಕ್ಕೊಂದು. ಹಾಡುವವರಿಗೆ ಯಾರೂ ಹೀಗೆ ಬರೆಯುವುದಿಲ್ಲ ಅನ್ನಿಸಿತು ಅವನಿಗೆ. ಕೊನೆಯ ಪುಟದಲ್ಲಿ ಎರಡಕ್ಕೊಂದು, ಎರಡಕ್ಕೊಂದು, ಆಮೇಲೆ ಒಂದಕ್ಕೊಂದು. ಅವನ ಎದೆಯೇ ಏದುತ್ತಿತ್ತು.

“ಇಷ್ಟು ಹತ್ತಿರ ಹತ್ತಿರ ಯಾಕೆ ಬರೆದಿರಿ, ಗುರುಗಳೇ?”

“ನಾನೆಲ್ಲಿ ಬರೆದೆ? ಮಂಚದ ಪಕ್ಕ ಕೂತು ಕೇಳಿಸಿಕೊಂಡೆ.”

ಪುಟದಲ್ಲಿ ಇನ್ನೂ ಅರ್ಧ ಉಳಿದಿತ್ತು. ಅಲ್ಲಿ ಗುರುತೂ ಇರಲಿಲ್ಲ. ಗುರುಗಳ ಬೆರಳು ಮಾತ್ರ ಪುಟ ಮುಗಿಯುವ ತನಕ ತಾಳ ಹಾಕುತ್ತಲೇ ಇತ್ತು.

ಮೂರು ದಿನ ಕೂತು ಆನ್ಸಿಸ್ ಅಷ್ಟೂ ಹಾಳೆಗಳನ್ನು ಹೊಸದಾಗಿ ಬರೆದ. ಆ ಗುರುತು ಬಂದಲ್ಲೆಲ್ಲ ಎಲ್ಲರೂ ಒಟ್ಟಿಗೇ ಉಸಿರು ತೆಗೆದುಕೊಳ್ಳಬೇಕು ಎಂದು ವೃಂದಕ್ಕೆ ಹೇಳಿದ. ಹಾಗೆ ಮಾಡಿದರೆ ಹಾಡು ತುಂಡಾಗುತ್ತದಲ್ಲ ಎಂದರು ಅವರು. ಆಗಲಿ ಎಂದ.

ಕಛೇರಿಯ ದಿನ ಹಾಡು ತುಂಡಾಯಿತು. ಮತ್ತೆ ಮತ್ತೆ ತುಂಡಾಯಿತು. ಪ್ರತಿ ಸಲವೂ ಕೆಳಗೆ ಹಿಡಿಯುವವರು ಯಾರೂ ಇರಲಿಲ್ಲ. ಮುಗಿದ ಮೇಲೆ ಕೆಲವರು ಕೂತಲ್ಲೇ ಕೂತಿದ್ದರು. ಹೆಚ್ಚಿನವರು ಕೋಟು ಹುಡುಕಿಕೊಂಡು ಹೊರಟರು.

ಮಾರನೆಯ ದಿನ ಪತ್ರಿಕೆಯ ವಿಮರ್ಶಕರೊಬ್ಬರು ಬರೆದರು: ಇಂದ್ರಿಕಿಸ್ ಅವರಿಗೆ ವಯಸ್ಸಾಯಿತು. ತಮ್ಮ ಸಂಗೀತದ ತಳವನ್ನೇ ಬರೆಯಲು ಮರೆತಿದ್ದಾರೆ.

ಆನ್ಸಿಸ್ ಪತ್ರಿಕೆ ಹಿಡಿದುಕೊಂಡು ನದಿಯ ದಡಕ್ಕೆ ಓಡಿ ಬಂದ. ಗುರುಗಳು ನೀರು ನೋಡುತ್ತ ಕೂತಿದ್ದರು. ಇವತ್ತೇ ಉತ್ತರ ಬರೆಯುತ್ತೇನೆ, ಕೆಳಸಾಲು ಏನೆಂದು ಆ ಮನುಷ್ಯನಿಗೆ ಬಿಡಿಸಿ ಹೇಳುತ್ತೇನೆ, ಒಂದು ಮಾತು ಅಪ್ಪಣೆ ಕೊಡಿ ಎಂದು ಅಂಗಲಾಚಿದ.

ಗುರುಗಳು ಹೇಳಿದ್ದನ್ನು ನಾನು ಹೇಳುವ ಮೊದಲು, ನನ್ನ ಚಹಾದ ದುಡ್ಡು ನೀವೇ ಕೊಟ್ಟುಬಿಡಿ. ಆಮೇಲೆ ಕೇಳಲು ನನಗೆ ಬಾಯಿ ಬರುವುದಿಲ್ಲ.

“ಬೇಡ, ಆನ್ಸಿಸ್. ಅವರ ಮನೆಯಲ್ಲಿ ಇನ್ನೂ ಎಲ್ಲರೂ ಇದ್ದಾರೆ. ಹಾಗೇ ಇರಲಿ.”